ಕಂದೀಲಿನ ದೇವತೆಯೂ ನಮ್ಮ ಚಿಕ್ಕಪ್ಪನೂ

ನಮ್ಮ ಮನೆಯ ಗೇಟಿಗೆ ಚಿಲಕ ಹಾಕುವಂತಿರಲಿಲ್ಲ. ಯಡಿಯೂರು ಕೆರೆಯ ಕಡೆಯಿಂದ ನಾಯಿಗಳು ಬಂದು ತುಳಸಿಕಟ್ಟೆಯ ಪಕ್ಕ ಮಲಗುತ್ತಿದ್ದವು, ಯಾರದೋ ಹಸು ಬಂದು ದಾಸವಾಳ ಮೇಯುತ್ತಿತ್ತು, ಆದರೂ ಅಜ್ಜಿ ಬಿಡುತ್ತಿರಲಿಲ್ಲ. ಚಿಕ್ಕಪ್ಪ ಬಂದರೆ? ನನಗೆ ನಾಲ್ಕು ವರ್ಷವಿದ್ದಾಗ ಅಪ್ಪನ ತಮ್ಮ ಒಂದು ಬೆಳಿಗ್ಗೆ "ಬನಶಂಕರಿವರೆಗೂ ಹೋಗಿ ಬರ್ತೀನಿ" ಎಂದು ಹೊರಟವರು ವಾಪಸು ಬರಲಿಲ್ಲ. ಜಗಳವಿಲ್ಲ, ಚೀಟಿಯಿಲ್ಲ, ಶವವೂ ಸಿಗಲಿಲ್ಲ. "ಬರ್ತೀನಿ ಅಂದಿದಾನೆ, ಬರ್ತಾನೆ" ಎನ್ನುವುದು ಅಜ್ಜಿಯ ವಾದ. ಅದಕ್ಕೆ ಎದುರಾಡಿದವರಿಗೆ ಅವತ್ತು ಅವಳ ಕೈಯ ಕಾಫಿ ಸಿಗುತ್ತಿರಲಿಲ್ಲ.

ಈ ವಾದದ ಭಾರವನ್ನೆಲ್ಲ ಹೊತ್ತವರು ಚಿಕ್ಕಮ್ಮ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಕಾಣೆಯಾದ ಆಕೆ ನಮ್ಮ ಜೊತೆಯಲ್ಲೇ ಉಳಿದರು. ಬನಶಂಕರಿ ಎರಡನೇ ಹಂತದ ಒಂದು ಶಾಲೆಯಲ್ಲಿ ಗಣಿತದ ಟೀಚರು. ದಿನವೆಲ್ಲ ಮಕ್ಕಳ ಜೊತೆ ಕೂಗಾಡಿ ಸುಸ್ತಾಗಿ ಬಂದರೂ ದೀಪ ಹಚ್ಚುವ ಹೊತ್ತಿಗೆ ಮುಖ ತೊಳೆದು, ಒಳ್ಳೆಯ ಸೀರೆಯುಟ್ಟು, ಮಲ್ಲಿಗೆ ಮುಡಿದು ಹಜಾರದಲ್ಲಿ ಕೂರಬೇಕು. ಅಜ್ಜಿಯೇ ಹೂ ಕಟ್ಟಿ ಇಟ್ಟಿರುತ್ತಿದ್ದಳು. "ಇವತ್ತೇ ಬಂದ್ರೆ ಅವನು ಬೋಳು ತಲೆ ನೋಡ್ಬೇಕಾ?" ಎನ್ನುತ್ತಿದ್ದಳು. ಹನ್ನೆರಡು ವರ್ಷ ಪ್ರತಿ ಸಂಜೆ ಚಿಕ್ಕಮ್ಮ ಹಾಗೆ ಕೂತರು. ಗೇಟು ಕಿರ್ರೆಂದರೆ ನಾವೆಲ್ಲ ತಲೆಯೆತ್ತುತ್ತಿದ್ದೆವು, ಆಕೆಯೊಬ್ಬರನ್ನು ಬಿಟ್ಟು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಲ್ಲಿ ಅಪ್ಪ ಆಫೀಸಿನವರು ಬೇಡವೆಂದು ಬಿಟ್ಟ ಕಂಪ್ಯೂಟರೊಂದನ್ನು ಮನೆಗೆ ತಂದರು, ಮಗಳು ಟೈಪಿಂಗ್ ಕಲಿಯಲಿ ಎಂದು. ಮಗಳು ಕಲಿತದ್ದು ಕತ್ತಿ ಬೀಸುವುದು. ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಕೊಂಡ ಒಂದು ಸೀಡಿಯಲ್ಲಿ ಇಡೀ ಲೋಕವೇ ಇತ್ತು. ಆರು ಜನ ವೀರರನ್ನು ಕಟ್ಟಿಕೊಂಡು ಗುಹೆಗಳಿಗೆ ಇಳಿಯಬೇಕು, ರಾಕ್ಷಸರನ್ನು ಕೊಲ್ಲಬೇಕು. ನನಗೆ ಕೊಲ್ಲುವುದಕ್ಕಿಂತ ಆ ಲೋಕದ ದೇವರುಗಳ ಕಥೆ ಓದುವ ಹುಚ್ಚು. ಅಲ್ಲಿ ಸತ್ತವರು ಒಂದು ಬೂದು ನದಿಯ ದಡದಲ್ಲಿ ನಮ್ಮ ಕಡೆ ಬೆನ್ನು ಮಾಡಿ ನಿಂತಿರುತ್ತಾರೆ. ಅವರನ್ನು ಕಾಯುವವಳು ಕಂದೀಲು ಹಿಡಿದ ದೇವತೆ, ಅವಳಿಗೆ ಮುಖವಿಲ್ಲ. ವೀರನೊಬ್ಬ ಸತ್ತರೆ ಅವನ ದೇಹವನ್ನು ಅವಳ ಗುಡಿಗೆ ಹೊತ್ತು ತರಬೇಕು. ಪೂಜಾರಿ ಹೆಸರು ಹಿಡಿದು ಕರೆಯುತ್ತಾನೆ, ಸತ್ತವನು ತಿರುಗಿ ನೋಡಿದರೆ ಎದ್ದು ಬರುತ್ತಾನೆ. ದೇಹ ತರದಿದ್ದರೆ ಮಾತ್ರ ದೇವತೆ ಕಂದೀಲು ಆರಿಸಿಬಿಡುತ್ತಾಳೆ. ಆಮೇಲೆ ಯಾರು ಕರೆದರೂ ಅವನಿಗೆ ಕೇಳಿಸುವುದಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಹೂಬತ್ತಿ ಹೊಸೆಯುತ್ತ ನನ್ನ ಹಿಂದೆ ಕೂರುತ್ತಿದ್ದಳು. ಇಂಗ್ಲಿಷ್ ಬಾರದ ಅವಳಿಗೆ ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಬೇಕು.

"ಇದು ನಮ್ಮ ವೈತರಣಿ ಕಣೇ, ಕದ್ದಿದಾರೆ" ಎಂದಳು ಮೊದಲ ದಿನವೇ. "ಕದಿಯೋದು ಕದ್ರು, ಹಸು ಯಾಕೆ ಬಿಟ್ರು? ಬಾಲ ಹಿಡ್ಕೊಳ್ದೆ ದಾಟೋದು ಹೇಗಂತೆ?"

ಒಂದು ದಿನ, ಬತ್ತಿಯಿಂದ ಕಣ್ಣೆತ್ತದೆ, "ಅವರಲ್ಲಿ ಒಬ್ಬನಿಗೆ ನಿನ್ನ ಚಿಕ್ಕಪ್ಪನ ಹೆಸರಿಡು" ಎಂದಳು. ನನಗೆ ಮುಜುಗರವಾಯಿತು. ಆದರೂ ಗುಂಪಿನ ಬಿಲ್ಲುಗಾರನಿಗೆ ಆ ಹೆಸರು ಟೈಪ್ ಮಾಡಿದೆ. ಅವತ್ತಿನಿಂದ ಆಟ ನನ್ನದಾಗಿ ಉಳಿಯಲಿಲ್ಲ. ನಾನು ತಿಂಡಿಗೆ ಕೂತಾಗಲೇ ವಿಚಾರಣೆ: ಅವನು ಎಲ್ಲಿದಾನೆ, ಚಳಿಗೆ ಹೊದಿಯೋಕೆ ಏನಾದ್ರೂ ಇದೆಯಾ, ಊಟ ಮಾಡಿದ್ನಾ. ಬಿಲ್ಲುಗಾರ ಎರಡು ಮೂರು ಸಲ ಸತ್ತ. ದೇಹ ಹೊರುವ ರಗಳೆ ಯಾರಿಗೆ ಬೇಕೆಂದು ನಾನು ಹಿಂದಿನ ದಿನ ಉಳಿಸಿಟ್ಟಿದ್ದ ಆಟವನ್ನೇ ಮತ್ತೆ ತೆರೆದುಬಿಡುತ್ತಿದ್ದೆ. ಅವನು ಏನೂ ಆಗದವನಂತೆ ನಿಂತಿರುತ್ತಿದ್ದ.

"ನಿನ್ನೆಗೆ ಹೋಗೋ ಆ ಗುಂಡಿ ನಂಗೂ ಒಂದು ಕೊಡು" ಎಂದಳು ಅಜ್ಜಿ. ನಾನು ನಕ್ಕೆ. ಅವಳು ನಗಲಿಲ್ಲ.

ಅದೇ ಬೇಸಿಗೆಯಲ್ಲಿ ಹನ್ನೆರಡು ವರ್ಷ ತುಂಬಿತು. ಅಪ್ಪ ಪುರೋಹಿತರನ್ನು ಕರೆಸಿದರು. ಅವರು ಹಜಾರದಲ್ಲಿ ಕೂತು, ಕಾಣೆಯಾದವರಿಗೂ ಶಾಸ್ತ್ರದಲ್ಲಿ ದಾರಿಯಿದೆ ಎಂದು ಮೆಲ್ಲಗೆ ಹೇಳಿದರು. ದೇಹವಿಲ್ಲದಿದ್ದರೆ ದರ್ಭೆಯಲ್ಲಿ ಒಂದು ದೇಹ ಮಾಡಿ ದಹನ ಮಾಡುವುದು.

"ಸುಟ್ಟ ಮೇಲೆ ಅವನು ಬಂದ್ರೆ?" ಎಂದಳು ಅಜ್ಜಿ.

"ಅದಕ್ಕೂ ವಿಧಿ ಇದೆಯಮ್ಮ. ಬಂದವನನ್ನ ತುಪ್ಪದಲ್ಲಿ ಮುಳುಗಿಸಿ ತೆಗೀಬೇಕು, ಆಗ ತಾನೇ ಹುಟ್ಟಿದ ಹಾಗೆ. ಜಾತಕರ್ಮ, ನಾಮಕರಣ, ಮುಂಜಿ, ಎಲ್ಲ ಮತ್ತೆ. ಮದುವೇನೂ ಮತ್ತೆ, ಅದೇ ಹೆಂಡ್ತಿ ಜೊತೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ, "ಮತ್ತೆ ನಂಗೇನಾ" ಎಂದು ನಕ್ಕುಬಿಟ್ಟರು. ಪುರೋಹಿತರು ಪಂಚಾಂಗದೊಳಗೆ ಮುಖವಿಟ್ಟರು. ಅಜ್ಜಿ ಎದ್ದು, "ನನ್ನ ಮಗ ಬದುಕಿದಾನೆ, ಹುಲ್ಲಿನ ಗೊಂಬೆ ಸುಡೋದು ಬೇಡ" ಎಂದು ಒಳಗೆ ನಡೆದಳು. ಅಜ್ಜಿ ಹ್ಞೂಂ ಎನ್ನದೆ ಅಪ್ಪ ಕಡ್ಡಿ ಎತ್ತುವವರಲ್ಲ. ಅಂದರೆ ಚಿಕ್ಕಮ್ಮನಿಗೆ ಸಂಜೆಯ ಹೂವು ತಪ್ಪಿದ್ದಲ್ಲ, ಇನ್ನೆಷ್ಟು ವರ್ಷವೋ.

ಮುಂದಿನ ಶನಿವಾರ ಬಿಲ್ಲುಗಾರ ಮತ್ತೆ ಸತ್ತ. ನೀರು ತುಂಬಿದ ಗುಹೆಯೊಂದರಲ್ಲಿ ಉಳಿದ ಐವರು ಅವನನ್ನು ಬಿಟ್ಟು ಓಡಿ ಬಂದರು, ಓಡಿಸಿದವಳು ನಾನೇ. ಪರದೆಯ ಮೇಲೆ ದೇವತೆ ಕಂದೀಲು ಆರಿಸಿದಳು. ಅಜ್ಜಿ ಹಿತ್ತಲಿನಲ್ಲಿ ಹಪ್ಪಳ ತಿರುವಿ ಹಾಕುತ್ತಿದ್ದಳು. ಅವಳು ಬರುವುದರೊಳಗೆ ನಿನ್ನೆಯ ಆಟ ತೆರೆಯೋಣವೆಂದು ಕೈ ಚಾಚಿದೆ.

"ತೆರೀಬೇಡ."

ಬೇಸಿಗೆ ರಜೆಯ ಸ್ಪೆಷಲ್ ಕ್ಲಾಸ್ ಮುಗಿಸಿ ಬಂದ ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದರು, ಹೆಗಲಲ್ಲಿ ಇನ್ನೂ ಬ್ಯಾಗು. "ಎಬ್ಬಿಸ್ಬೇಡ ಕಣೇ. ಒಂದೇ ಒಂದು ಸಲ, ಸತ್ತವರು ಸತ್ತ ಹಾಗೇ ಇರ್ಲಿ. ನಂಗೆ ಸಾಕಾಗಿದೆ." ಅಷ್ಟು ಹೇಳಿ ಕೋಣೆಗೆ ಹೋದರು. ಆಕೆ ನನ್ನ ಬಳಿ ಏನನ್ನಾದರೂ ಬೇಡಿದ್ದು ಅದೊಂದೇ ಸಲ.

ಅಜ್ಜಿ ಸೆರಗಿಗೆ ಕೈಯೊರೆಸಿಕೊಂಡು ಬಂದು ಕೂತಳು. ಐದೇ ಜನ ಇರುವುದನ್ನು ಕಂಡು, "ಅವನೆಲ್ಲೇ?" ಎಂದಳು.

"ಸತ್ತುಹೋದ ಅಜ್ಜಿ. ದೇಹ ತರೋಕಾಗ್ಲಿಲ್ಲ."

"ನಿನ್ನೆಗೆ ಹೋಗು."

"ಆಗಲ್ಲ. ಅಳಿಸಿಹೋಗಿದೆ."

ಅಜ್ಜಿ ಪರದೆಯನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. ಆಮೇಲೆ ಚಿಕ್ಕಮ್ಮನ ಕೋಣೆಯ ಮುಚ್ಚಿದ ಬಾಗಿಲ ಕಡೆ ತಿರುಗಿದಳು. ಅವತ್ತು ಸಂಜೆ ಹೂ ಕಟ್ಟಲಿಲ್ಲ. ಅಪ್ಪ ಬಂದೊಡನೆ, "ಮಾಡಿಬಿಡು" ಎಂದಳು. ನಾನು ಕಂಪ್ಯೂಟರ್ ಮುಂದೆ ಕೂತು, ಹೇಳಿದ ಸುಳ್ಳು ನಿಜವಾಗಲಿ ಎಂದು, ಉಳಿಸಿಟ್ಟಿದ್ದ ಆಟಗಳನ್ನೆಲ್ಲ ಒಂದೊಂದಾಗಿ ಅಳಿಸಿದೆ. ಕೊಲೆ ಮಾಡಿದ ಹಾಗನ್ನಿಸಿತು, ಈಗಲೂ ಅನ್ನಿಸುತ್ತದೆ.

ಕ್ರಿಯೆ ನಡೆದದ್ದು ಶ್ರೀರಂಗಪಟ್ಟಣದಲ್ಲಿ, ಹೊಳೆಯ ದಡದಲ್ಲಿ. ಹುಡುಗಿಯರು ಬರುವಂತಿಲ್ಲ ಎಂದರೂ ಅಜ್ಜಿ ನನ್ನ ಕೈ ಬಿಡಲಿಲ್ಲ. ದರ್ಭೆಯ ಕೈಕಾಲು, ತಲೆಗೆ ತೆಂಗಿನಕಾಯಿ, ಮೇಲೊಂದು ಬಿಳಿ ಬಟ್ಟೆ. ಮಗುವಿನಷ್ಟೂ ಉದ್ದವಿರಲಿಲ್ಲ. ಅಪ್ಪ ಬೆಂಕಿಯಿಟ್ಟಾಗ ನನಗೆ ನೋಡಲಾಗದೆ ಹೊಳೆಯ ಆಚೆ ಕಡೆ ಕಣ್ಣು ಹಾಯಿಸಿದೆ. ಅಲ್ಲಿ ನಾಲ್ಕಾರು ಗಂಡಸರು ಮೊಣಕಾಲುದ್ದ ನೀರಿನಲ್ಲಿ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದರು. ಸ್ನಾನಕ್ಕೆ ಬಂದವರೇ ಇರಬೇಕು. ಪುರೋಹಿತರು ಚಿಕ್ಕಪ್ಪನ ಹೆಸರನ್ನು ಗಟ್ಟಿಯಾಗಿ ಹೇಳಿದಾಗ, ಅವರಲ್ಲಿ ಯಾರೂ ತಿರುಗದಿರಲಿ ಎಂದು ಬೇಡಿಕೊಂಡೆ. ಯಾರೂ ತಿರುಗಲಿಲ್ಲ. ಅಜ್ಜಿಯೂ ಅತ್ತಲೇ ನೋಡುತ್ತಿದ್ದಳು.

ಕರ್ಮಗಳೆಲ್ಲ ಮುಗಿದ ಮಾರನೆಯ ದಿನ ಚಿಕ್ಕಮ್ಮ ಹತ್ತು ಗಂಟೆಯವರೆಗೆ ಮಲಗಿದರು. ಎಬ್ಬಿಸಲು ಹೋದ ಅಮ್ಮನನ್ನು ಅಜ್ಜಿಯೇ ತಡೆದಳು. ವರ್ಷ ಕಳೆದ ಮೇಲೆ ಆಕೆ ಜೆ.ಪಿ. ನಗರದಲ್ಲಿ ಒಂದು ಬಾಡಿಗೆ ಮನೆ ಹಿಡಿದು ಬೇರೆ ಹೋದರು, ಭಾನುವಾರ ಬರುತ್ತಿದ್ದರು. ಮೈಕೈ ತುಂಬಿಕೊಂಡು, ಜೋರಾಗಿ ಮಾತಾಡುವ ಹೆಂಗಸಾದರು. ಅಜ್ಜಿ ಈಗ ಗೇಟಿಗೆ ತಾನೇ ಚಿಲಕ ಹಾಕುತ್ತಿದ್ದಳು. ಹಾಕಿದ ಚಿಲಕ ಅಲ್ಲಾಡಿದ ಸದ್ದು ನನಗೆ ಮಾತ್ರ ಕೇಳಿಸುತ್ತಿತ್ತು. ಹೋಗಿ ನೋಡಿದರೆ ಯಾರೂ ಇಲ್ಲ. ಕಂಪ್ಯೂಟರ್ ಮುಂದೆ ಕೂತರೆ ಬೆನ್ನ ಹಿಂದೆ ಯಾರೋ ನಿಂತಂತಾಗಿ ಆ ಆಟವನ್ನೇ ಬಿಟ್ಟೆ.

ಅಜ್ಜಿಯೂ ಒಂದು ಬಿಟ್ಟಳು. ಬಿಸಿ ಅನ್ನಕ್ಕೆ ಧಾರಾಳವಾಗಿ ತುಪ್ಪ ಸುರಿದುಕೊಳ್ಳುತ್ತಿದ್ದವಳು ತುಪ್ಪ ಮುಟ್ಟುವುದನ್ನೇ ನಿಲ್ಲಿಸಿದಳು. ಮಗನಿಗಾಗಿ ಹಿಡಿದ ವ್ರತವೆಂದುಕೊಂಡು ನಾವು ಕೇಳಲು ಹೋಗಲಿಲ್ಲ. ಆದರೆ ಶನಿವಾರ ಶನಿವಾರ ಬೆಣ್ಣೆ ಕಾಯಿಸುವುದನ್ನು ಮಾತ್ರ ಬೇರೆಯವರಿಗೆ ಬಿಡುತ್ತಿರಲಿಲ್ಲ. ಹಾಗೇ ಎಂಟು ವರ್ಷ ಬದುಕಿ, ಒಂದು ಮಧ್ಯಾಹ್ನ ನಿದ್ದೆಯಲ್ಲೇ ಹೋದಳು.

ವೈಕುಂಠ ಸಮಾರಾಧನೆ ಮುಗಿದ ಮರುದಿನ ಅವಳ ಕೋಣೆ ಗುಡಿಸಿದವರು ನಾನು ಮತ್ತು ಚಿಕ್ಕಮ್ಮ. ಮಂಚದ ಕೆಳಗೆ, ಟ್ರಂಕಿನ ಹಿಂದೆ, ಎಣ್ಣೆಯ ಎರಡು ದೊಡ್ಡ ಡಬ್ಬಗಳಿದ್ದವು, ಬಾಯಿಗೆ ಬಿಳಿ ಬಟ್ಟೆ ಬಿಗಿದು. ಒಂದರ ಗಂಟಿನಲ್ಲಿ ಬೆಳ್ಳಿಯ ಒಳಲೆ, ಚಿಕ್ಕಪ್ಪ ಕೂಸಾಗಿದ್ದಾಗ ಹಾಲು ಕುಡಿದದ್ದು. ಚಿಕ್ಕಮ್ಮ ಗಂಟು ಬಿಚ್ಚಿದರು. ಒಳಗೆ ಅಂಚಿನವರೆಗೂ ಹೆಪ್ಪುಗಟ್ಟಿದ ತುಪ್ಪ, ಅಡಿಯದು ಕಂದು, ಮೇಲಿನದು ಬಿಳಿ. ಎರಡನೆಯದು ಮುಕ್ಕಾಲು ತುಂಬಿತ್ತು. ಎಂಟು ವರ್ಷ ಅವಳು ಉಣ್ಣದ ತುಪ್ಪ.

ತುಪ್ಪದ ಬಗ್ಗೆ ಪುರೋಹಿತರು ಹೇಳಿದ್ದು ನಮ್ಮಿಬ್ಬರಿಗೂ ನೆನಪಿತ್ತು.

"ಅವತ್ತು ಆ ಆಟ ನಿಜವಾಗ್ಲೂ ಅಳಿಸಿದ್ಯಾ?" ಎಂದು ಕೇಳಿದರು ಚಿಕ್ಕಮ್ಮ.

"ಅಜ್ಜಿಗೆ ಹೇಳಿದ ಮೇಲೆ ಅಳಿಸಿದೆ."

"ಸುಳ್ಳು ಅಂತ ಅವರಿಗೆ ಗೊತ್ತಿತ್ತು ಕಣೇ" ಎಂದು ಆಕೆ ಅತ್ತರು. ಹನ್ನೆರಡು ವರ್ಷ ಗೇಟಿನ ಸದ್ದಿಗೆ ತಲೆಯೆತ್ತದವರು ಬಿಕ್ಕಿ ಬಿಕ್ಕಿ ಅತ್ತರು.

ಡಬ್ಬಗಳನ್ನು ಏನು ಮಾಡುವುದು? ಎಸೆಯಲು ನನಗೆ ಕೈ ಬರಲಿಲ್ಲ. ನೀವು ತೆಗೆದುಕೊಂಡು ಹೋಗುತ್ತೀರಾ ಎಂದು ಕೇಳಿದೆ. ಚಿಕ್ಕಮ್ಮ ಕಣ್ಣೊರೆಸಿಕೊಂಡು, ಒಳಲೆಯನ್ನು ಮತ್ತೆ ಬಟ್ಟೆಯಲ್ಲಿ ಗಂಟು ಹಾಕಿದರು.

"ಇಲ್ಲೇ ಇರ್ಲಿ. ಜೆ.ಪಿ. ನಗರದ ಮನೆ ನಿನ್ನ ಚಿಕ್ಕಪ್ಪನಿಗೆ ಗೊತ್ತಿಲ್ಲ."

ಇಬ್ಬರೂ ಸೇರಿ ಡಬ್ಬಗಳನ್ನು ಮಂಚದ ಕೆಳಗೆ ತಳ್ಳಿದೆವು. ಆ ಶನಿವಾರ ನಾನು ಬೆಣ್ಣೆ ಕಾಯಿಸಿದೆ. ಸೋಸಿ, ಆರಿದ ಮೇಲೆ, ಮೊದಲ ಲೋಟ ತುಪ್ಪವನ್ನು ಒಯ್ದು ಮುಕ್ಕಾಲು ತುಂಬಿದ ಡಬ್ಬಕ್ಕೆ ಸುರಿದೆ.