ಅವ್ವ ಬರೆಸಿದ ಮದುವೆ

ಆ ದಿನಗಳ ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂಗಳಿವೆ: ದಿನ, ತೂಕ, ಕುಡಿದ ನೀರು, ಹೋದ ಕಚೇರಿ. ಹೀಗೆ ಬರೆದಿಡುವ ಅಭ್ಯಾಸ ಮಸ್ಕತ್ತಿನಲ್ಲಿ ಹತ್ತಿದ್ದು. ಅಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ನನ್ನದು. ಮಾತ್ರೆ ಎಷ್ಟು ಗಂಟೆಗೆ, ಮೂತ್ರ ಎಷ್ಟು, ಎಲ್ಲ ಬರೆದು ಅವರ ಮಗಳಿಗೆ ತೋರಿಸಬೇಕಿತ್ತು. ನಾಲ್ಕನೆಯ ವರ್ಷ ನನ್ನ ಪಾದಗಳೇ ಊದಿಕೊಂಡವು. ಏಳು ತಿಂಗಳು ಅದನ್ನು ಯಾರಿಗೂ ತೋರಿಸದೆ ಅಜ್ಜಿಯ ಲೆಕ್ಕವನ್ನೇ ಬರೆದೆ. ಎಂಟನೆಯ ತಿಂಗಳು ಅಡುಗೆಮನೆಯಲ್ಲಿ ಬಿದ್ದೆ. ಎರಡೂ ಕಿಡ್ನಿ ಹೋಗಿವೆ ಎಂದರು. ಆ ಮನೆಯವರು ಎರಡು ಸಲ ಡಯಾಲಿಸಿಸ್ ಮಾಡಿಸಿ, ಕೊರಳಿಗೆ ಹಾಕಿದ ಪೈಪಿನ ಸಮೇತ ನನ್ನನ್ನು ವಿಮಾನ ಹತ್ತಿಸಿದರು.

ಕಬ್ಬಾಳು ಬೆಟ್ಟ ಕಾಣುವ ನಮ್ಮೂರಿಗೆ ಬಂದ ದಿನವನ್ನು ಒಂದು ಎಂದು ಎಣಿಸಿದ್ದೇನೆ. ಎರಡನೆಯ ದಿನ ಅವ್ವನ ಜೊತೆ ರಾಮನಗರದ ಆಸ್ಪತ್ರೆಗೆ ಹೋದೆ. ಬಡವರ ರೇಷನ್ ಕಾರ್ಡಿನಲ್ಲಿ ಹೆಸರಿದ್ದರೆ ಸರ್ಕಾರದ ಆರೋಗ್ಯ ಕಾರ್ಡ್ ಆಗುತ್ತದೆ, ಅದಿದ್ದರೆ ವಾರಕ್ಕೆ ಎರಡು ಸಲ ಪುಕ್ಕಟೆ ಡಯಾಲಿಸಿಸ್. ಕೌಂಟರಿನ ಹುಡುಗಿ ನಂಬರು ಒತ್ತಿ ನೋಡಿದಳು.

"ಈ ಕಾರ್ಡಲ್ಲಿ ನಿಮ್ಮಮ್ಮ ಒಬ್ರೇ ಇರೋದು. ನಿಮ್ಮ ಹೆಸರು ತೆಗೆದುಬಿಟ್ಟಿದಾರೆ."

ಡಾಕ್ಟರು ನನ್ನ ಉಸಿರಾಟ ನೋಡಿ ಅಂದು ಮಷೀನಿಗೆ ಹಾಕಿಸಿದರು. "ಇನ್ನು ಮೂರು ಸಲ ಹೇಗಾದ್ರೂ ಮಾಡಿಸ್ತೀನಿ. ಅಷ್ಟರೊಳಗೆ ಕಾರ್ಡ್ ತಂದುಬಿಡಮ್ಮ" ಎಂದರು. ನೋಟ್‌ಬುಕ್ಕಿನಲ್ಲಿ ಮೂರು ಗೀಟು ಎಳೆದುಕೊಂಡೆ. ಹಣ ಕೊಟ್ಟು ಮಾಡಿಸುವ ಮಾತನ್ನು ನಾವಿಬ್ಬರೂ ಎತ್ತಲಿಲ್ಲ, ಎತ್ತುವ ಹಾಗಿರಲಿಲ್ಲ.

ಮೂರನೆಯ ದಿನ ಊರಿನ ರೇಷನ್ ಡಿಪೋಗೆ ಒಬ್ಬಳೇ ನಡೆದೆ. ನೂರೈವತ್ತು ಹೆಜ್ಜೆಯ ದಾರಿಯಲ್ಲಿ ನಾಲ್ಕು ಕಡೆ ಕೂತೆ. ಡಿಪೋದವನು ನನ್ನನ್ನು ಕಂಡು ನಕ್ಕ.

"ಏನವ್ವ, ಗಂಡನ್ ಮನೆಯಿಂದ ಯಾವಾಗ್ ಬಂದೆ?"

"ಯಾವ ಗಂಡನ ಮನೆ?"

"ನಿಮ್ಮವ್ವನೇ ಬರ್ಸವ್ಳಲ್ಲ, ಮಗಳ ಮದ್ವೆ ಆಗೋಯ್ತು ಅಂತ."

ಅವ್ವ ಹುಳುವಿನ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ನಾನು ಕೇಳಿದೆ. ಎರಡು ತಟ್ಟೆ ಮುಗಿಸಿ ಹೇಳಿದಳು. ಕಾರ್ಡಿನಲ್ಲಿದ್ದವರೆಲ್ಲ ಬಂದು ಹೆಬ್ಬೆಟ್ಟು ಒತ್ತಬೇಕು, ಬಾರದವರ ಹೆಸರನ್ನು ಕಾರಣ ಬರೆದು ತೆಗೆಯುತ್ತೇವೆ ಎಂದು ಸಾರಿದ್ದರಂತೆ. ನಾನು ದೇಶದಲ್ಲೇ ಇರಲಿಲ್ಲ. ಆ ಸಂಗತಿ ಊರಿಗೆ ಗೊತ್ತೂ ಇರಲಿಲ್ಲ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದೇನೆ ಎಂದು ಅವ್ವ ಹೇಳಿಕೊಂಡಿದ್ದಳು. ಡಿಪೋದವನು ಕೇಳಿದ್ದು ಇಷ್ಟೇ: ಸತ್ತೋಗವ್ಳೆ ಅಂತ ಬರೀಲಾ, ಊರು ಬುಟ್ಟೋಗವ್ಳೆ ಅಂತ ಬರೀಲಾ, ಮದ್ವೆ ಆಗೈತೆ ಅಂತ ಬರೀಲಾ?

"ಹಿಂದ್ಗಡೆ ಸಾಲಲ್ಲಿ ಮೂವತ್ತು ಜನ ನಿಂತಿದ್ರು ಕಣವ್ವ. ವಯಸ್ಸಿಗೆ ಬಂದ ಮಗಳು ಊರು ಬುಟ್ಟೋಗವ್ಳೆ ಅಂತ ಹೆಂಗ್ ಬರ್ಸ್ಲಿ? ಸತ್ತೋಗವ್ಳೆ ಅನ್ನಕ್ಕೆ ಬಾಯ್ ಬರ್ತದಾ?"

ಸಾಲಿನವರು ಸುಮ್ಮನಿರಲಿಲ್ಲ. ಯಾವೂರ ಗಂಡು, ಯಾಕೆ ಕರೆಯಲಿಲ್ಲ ಎಂದು ಕೇಳಿದರು. ಮಾಗಡಿ ಕಡೆಯವರು, ದೇವಸ್ಥಾನದಲ್ಲಿ ಮಾಡಿಬಿಟ್ಟೆವು ಎಂದು ಅವ್ವ ಅಂದಳು. ಪಕ್ಕದ ಮನೆಯ ದೊಡ್ಡವ್ವ ಮಾರನೆಯ ದಿನವೇ ಒಂದು ಹಸಿರು ಸೀರೆ ತಂದುಕೊಟ್ಟಳು, ಮಗಳು ತವರಿಗೆ ಬಂದಾಗ ಉಡಿಸು ಎಂದು. ಆ ಸೀರೆ ಟ್ರಂಕಿನಲ್ಲಿತ್ತು.

ನಾಲ್ಕನೆಯ ದಿನ ಕನಕಪುರಕ್ಕೆ, ತಾಲ್ಲೂಕು ಕಚೇರಿಗೆ.

"ಗಂಡನ ಮನೆ ಕಾರ್ಡಿಂದ ಹೆಸರು ತೆಗೆಸಿ, ಆ ಪತ್ರ ತನ್ನಿ. ಸೇರಿಸ್ತೀವಿ," ಎಂದರು ಗುಮಾಸ್ತರು.

"ಗಂಡ ಇಲ್ಲ ಸಾರ್."

"ತೀರ್ಕೊಂಡ್ರಾ? ಹಂಗಾದ್ರೆ ಡೆತ್ ಸರ್ಟಿಫಿಕೇಟು."

"ಮದುವೆನೇ ಆಗಿಲ್ಲ ಸಾರ್."

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಇಲ್ಲಿ ಆಗೈತಲ್ಲಮ್ಮ."

ಕೊರಳಿನ ಪ್ಲಾಸ್ಟರು ಕಂಡು ಅವರ ದನಿ ತಗ್ಗಿತು. ಮದುವೆಯಾಗಿಲ್ಲ ಎಂದು ಊರಿನಲ್ಲಿ ಮಹಜರು ಮಾಡಿಸಿ, ಐದು ಜನ ನೆರೆಯವರು ಸಹಿ ಹಾಕಲಿ, ಬರೆಸಿದ್ದು ಸುಳ್ಳೆಂದು ನಿಮ್ಮವ್ವ ಎಲ್ಲರೆದುರು ಹೇಳಿಕೆ ಕೊಡಲಿ ಎಂದರು.

ಅದನ್ನು ಅವ್ವನಿಗೆ ಹೇಳಿದೆ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ಬೇರೆ ದಾರಿ ಐತಾ ಒಸಿ ಕೇಳ್ನೋಡು" ಎಂದಳು.

ಐದನೆಯ ದಿನ ಡಯಾಲಿಸಿಸ್ ಮುಗಿಸಿ ಮೊದಲ ಗೀಟು ಹೊಡೆದುಹಾಕಿದೆ. ಎಂಟನೆಯ ದಿನ ಮತ್ತೆ ಕನಕಪುರ. ಬೇರೆ ದಾರಿ ಇಲ್ಲ. ಒಂಬತ್ತಕ್ಕೆ ಎರಡನೆಯ ಗೀಟು. ಹನ್ನೊಂದನೆಯ ದಿನ ಕನಕಪುರದಲ್ಲಿ ಅದೇ ಗುಮಾಸ್ತರು ನನ್ನನ್ನು ಕಂಡೊಡನೆ ತಲೆಯಾಡಿಸಿದರು. ಹನ್ನೆರಡಕ್ಕೆ ಮೂರನೆಯದೂ ಹೋಯಿತು. ಅಂದು ಮಷೀನಿನಿಂದ ಇಳಿದಾಗ ತೂಕ ನಲವತ್ತಾರು. ಇನ್ನು ದಿನಕ್ಕೆ ಮೂರೇ ಲೋಟ ನೀರು ಎಂದು ಬರೆದುಕೊಂಡೆ.

ಹದಿನಾಲ್ಕನೆಯ ದಿನ ತೂಕ ನಲವತ್ತೆಂಟೂವರೆ. ಎರಡೂವರೆ ಕೆ.ಜಿ. ನೀರು ಹೋಗಲು ಜಾಗವಿಲ್ಲದೆ ನನ್ನೊಳಗೇ ನಿಂತಿತ್ತು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮಧ್ಯಾಹ್ನ ಗೋಡೆಗೆ ಒರಗಿ ಕೂತು, ಬರೆಯಲಾಗದೆ, ನೋಟ್‌ಬುಕ್ಕನ್ನು ಅವ್ವನ ಕೈಗೆ ಕೊಟ್ಟೆ. ಅವಳಿಗೆ ಅಂಕಿ ಓದಲು ಬರುತ್ತದೆ. ತೂಕದ ಕಾಲಮ್ಮಿನ ಮೇಲೆ ಬೆರಳು ಇಳಿಸುತ್ತಾ ಬಂದು ಕೊನೆಯ ಅಂಕಿಯ ಹತ್ತಿರ ನಿಲ್ಲಿಸಿದಳು. ಸೆರಗು ಸಿಕ್ಕಿಸಿಕೊಂಡು ಗ್ರಾಮ ಲೆಕ್ಕಿಗರನ್ನು ಕರೆಯಲು ಹೋದಳು.

ಮಹಜರು ಹದಿನೈದನೆಯ ದಿನ ಡಿಪೋದ ಜಗಲಿಯ ಮೇಲೆಯೇ ನಡೆಯಿತು. ಅಕ್ಕಿ ಕೊಡುವ ದಿನ, ಸಾಲು ಹಾಗೇ ಇತ್ತು. ಲೆಕ್ಕಿಗರು ಬರೆಯುತ್ತಾ, "ಜೋರಾಗಿ ಹೇಳಮ್ಮ, ಪಂಚರಿಗೆ ಕೇಳ್ಬೇಕು" ಎಂದರು.

"ನನ್ ಮಗಳಿಗೆ ಮದ್ವೆ ಆಗಿಲ್ಲ. ನಾನೇ ಸುಳ್ ಬರ್ಸ್ದೆ. ಮಸ್ಕತ್ತಲ್ಲಿ ಮುದುಕಿ ನೋಡ್ಕೊಳ್ಳೋ ಕೆಲ್ಸಕ್ಕೆ ಹೋಗಿದ್ಲು. ಕಾಯ್ಲೆ ಬಿದ್ದು ಬಂದವ್ಳೆ."

ಸಾಲಿನಲ್ಲಿ ಯಾರೋ ನಕ್ಕರು. ನಾಲ್ವರು ಸಹಿ ಹಾಕಿದರು. ಐದನೆಯವಳು ದೊಡ್ಡವ್ವ. ಅವಳು ಪೆನ್ನು ಮುಟ್ಟಲಿಲ್ಲ.

"ಏನಮ್ಮಿ, ಇಲ್ದಿರೋ ಅಳಿಯನ್ ಹೆಸರಲ್ಲಿ ನನ್ ಸೀರೆ ಈಸ್ಕೊಂಡ್ಯಲ್ಲ? ನಾಚ್ಕೆ ಆಗ್ಲಿಲ್ವಾ?"

"ಆಯ್ತು ಕಣಕ್ಕ. ಅದ್ಕೇ ಬಿಚ್ಚೂ ನೋಡ್ಲಿಲ್ಲ."

ಅವ್ವ ಮನೆಗೆ ಓಡಿ ಸೀರೆ ತಂದಳು. ಅಂಗಡಿಯ ಕವರು ಹಾಗೇ ಇತ್ತು. ದೊಡ್ಡವ್ವ ಮಡಿಕೆ ಎಣಿಸುವವಳ ಹಾಗೆ ನೋಡಿ ಕಂಕುಳಿಗೆ ಸಿಕ್ಕಿಸಿದಳು. ಆಮೇಲೆ ನನ್ನ ಮುಖ ನೋಡಿದಳು, ಕಾಲು ನೋಡಿದಳು.

"ಎಲ್ಲಿ ಒತ್ಬೇಕಪ್ಪ, ತೋರ್ಸು" ಎಂದು ಲೆಕ್ಕಿಗರ ಮುಂದೆ ಹೆಬ್ಬೆರಳು ಚಾಚಿದಳು. "ಸೀರೆ ನಾನೇ ಮಡಿಕ್ಕೊಂಡಿರ್ತೀನಿ. ನಿಜವಾಗ್ಲೂ ಮದ್ವೆ ಆದಾಗ ಬಂದು ಈಸ್ಕೊಳ್ಳವ್ವ, ತಿಳೀತಾ?"

ಮಹಜರು ಕನಕಪುರಕ್ಕೆ ಹೋಗಿ ಕಂಪ್ಯೂಟರಿಗೆ ಏರುವ ತನಕ ಐದು ದಿನ. ಆ ಐದು ದಿನಗಳ ಕಾಲಂಗಳು ಅವ್ವನ ಕೈಬರಹದಲ್ಲಿವೆ, ಅಂಕಿಗಳು ದೊಡ್ಡವು, ಗೀಟು ದಾಟಿ ಹೋಗಿವೆ. ಇಪ್ಪತ್ತನೆಯ ದಿನ ಐವತ್ತೆರಡು ಎಂದಿದೆ. ಅಂದು ಮಲಗಲಾಗದ ನನ್ನನ್ನು ಅವ್ವ ಆಟೋದಲ್ಲಿ ಕೂರಿಸಿಯೇ ರಾಮನಗರಕ್ಕೆ ಒಯ್ದಳು. ಕೌಂಟರಿನ ಹುಡುಗಿ ನಂಬರು ಒತ್ತಿದಳು. ನಾನು ಪರದೆ ನೋಡಲಿಲ್ಲ, ಅವಳ ಮುಖ ನೋಡಿದೆ.

"ಹೆಸರು ಬಂದಿದೆ," ಎಂದಳು. ರಿಜಿಸ್ಟರು ತೆರೆದು, "ಗಂಡನ ಹೆಸರಾ, ತಂದೆ ಹೆಸರಾ?" ಎಂದು ಕೇಳಿದಳು.

ನನಗೆ ಮಾತಾಡಲು ಉಸಿರಿರಲಿಲ್ಲ. ಹಿಂದೆ ಜನ ಸಾಲಾಗಿ ನಿಂತಿದ್ದರು. ಅವ್ವ ಕಿಟಕಿಯೊಳಕ್ಕೆ ತಲೆ ತೂರಿಸಿದಳು.

"ಮದ್ವೆ ಆಗಿಲ್ಲ ಕಣವ್ವ," ಎಂದಳು, ಸಾಲಿನ ಕೊನೆಗೂ ಕೇಳುವ ಹಾಗೆ. "ಅವರಪ್ಪನ ಹೆಸರು ಬರ್ಕೊ. ಬೇಗ ಬರ್ಕೊ."