ಯಾರೂ ಕೇಳದ ಉಪ್ಪು

ಸಮುದ್ರದ ನೀರೇಕೆ ಉಪ್ಪು ಎಂಬ ಮಕ್ಕಳ ಪ್ರಶ್ನೆಯನ್ನು ನಿವೃತ್ತಿಯ ಹೊಸ್ತಿಲವರೆಗೂ ಕೈಬಿಡದೆ ಸಾಕಿಕೊಂಡು ಬಂದವರು ನಮ್ಮ ಕಡಲ ರಸಾಯನ ಪ್ರಯೋಗಾಲಯದ ಮುಖ್ಯಸ್ಥರು. ಶಿಷ್ಯರ ಬಾಯಲ್ಲಿ ಅವರು 'ಉಪ್ಪಿನ ಮೇಷ್ಟ್ರು'. ಆ ಹೆಸರು ಕಿವಿಗೇ ಬಿದ್ದಿಲ್ಲವೆಂಬಂತೆ ಅವರು ನಟಿಸಿದರು, ನಾವೂ ನಂಬಿದಂತೆ ನಟಿಸಿದೆವು.

ಪಾಠ ಮಾಡುವಾಗ ಮೇಷ್ಟ್ರು ಕಣ್ಣು ಅರೆಮುಚ್ಚುತ್ತಿದ್ದರು. ಮಳೆ ಬಂಡೆಯನ್ನು ಚೂರುಚೂರೇ ಕರಗಿಸುತ್ತದೆ, ನದಿಗಳು ಅದನ್ನು ಹೊತ್ತು ತರುತ್ತವೆ, ಕಡಲ ತಳದ ಬಿಸಿಬುಗ್ಗೆಗಳೂ ತಮ್ಮ ಪಾಲು ಸುರಿಯುತ್ತವೆ; ಬಿಸಿಲು ಬಂದು ನೀರನ್ನಷ್ಟೇ ಎತ್ತಿಕೊಂಡು ಹೋಗುತ್ತದೆ. ಸುಣ್ಣವನ್ನು ಚಿಪ್ಪಿನ ಜೀವಿಗಳು ಮನೆ ಕಟ್ಟಲು ಒಯ್ಯುತ್ತವೆ. "ಉಪ್ಪನ್ನ ಮಾತ್ರ ಯಾರೂ ಅಷ್ಟಾಗಿ ಕೇಳಲ್ಲ ನೋಡಿ, ಪಾಪ, ಅದು ಅಲ್ಲೇ ಉಳ್ಕೊಂಡ್‌ಬಿಡುತ್ತೆ" ಎನ್ನುವಷ್ಟರಲ್ಲಿ ನಮ್ಮ ಬೆಂಚುಗಳು ಮೆಲ್ಲಗೆ ತೇಲತೊಡಗಿರುತ್ತಿದ್ದವು.

ಅವರ ಶಿಷ್ಯೆಯೊಬ್ಬಳು ಮೊದಲ ಹಡಗುಯಾನದಲ್ಲಿ ಎಡವಿದಳು. ಯಾವ ನೀರನ್ನು ತುಂಬಬೇಕೋ ಅದೇ ಸಮುದ್ರದ ನೀರಿನಲ್ಲಿ ಬಾಟಲಿಯನ್ನು ಮೊದಲು ಗಲಬರಿಸಿ ತೊಳೆಯಬೇಕೆಂಬುದು ನಮ್ಮ ಕಸುಬಿನ ಕಟ್ಟಳೆ. ಈಕೆ ಶುಚಿಯ ಹುಚ್ಚಿನಲ್ಲಿ ಕೊನೆಗೊಮ್ಮೆ ಬಟ್ಟಿ ಇಳಿಸಿದ ನೀರಿನಿಂದ ತೊಳೆದು, ಹನಿ ಆರುವ ಮೊದಲೇ ತುಂಬಿಬಿಟ್ಟಿದ್ದಳು. ತಂದ ನೀರೆಲ್ಲ ಇರಬೇಕಾದ್ದಕ್ಕಿಂತ ಸಪ್ಪೆ. ಇಡೀ ಯಾನ ವ್ಯರ್ಥ.

"ನಾನು ಬಿಟ್‌ಬಿಡ್ತೀನಿ ಸರ್. ಒಂದು ಬಾಟಲಿ ತೊಳೆಯೋಕೂ ಬರಲ್ಲ ನಂಗೆ."

"ತೊಳೆಯೋಕೆ ಚೆನ್ನಾಗೇ ಬರುತ್ತಲ್ಲಮ್ಮ, ತೊಂದರೆ ಆಗಿದ್ದೇ ಅದರಿಂದ!"

ನಗಿಸಲು ಆಡಿದ ಮಾತಾದರೂ ಅವಳು ಬಿಟ್ಟುಹೋಗುವುದು ಮೇಷ್ಟ್ರಿಗೆ ಬೇಡವಾಗಿತ್ತು. ತಮ್ಮ ಪ್ರಶ್ನೆಯನ್ನು ತಮ್ಮಷ್ಟೇ ಪ್ರೀತಿಯಿಂದ ಕೇಳುತ್ತಿದ್ದವಳು ಇವಳೊಬ್ಬಳೇ. ಮುಂದಿನ ಯಾನ ದೂರದ ತಿಳಿನೀಲಿ ಕಡಲಿಗೆ. ಪ್ರಾಯದಿಂದಲೂ ಅವರು ಕನಸು ಕಂಡದ್ದು ಆ ನೀರನ್ನೇ. ಪ್ರಯೋಗಾಲಯಕ್ಕೆ ಹಡಗಿನಲ್ಲಿದ್ದದ್ದು ಒಂದೇ ಜಾಗ, ಅದು ಅವರದು. "ನಂಗ್ಯಾಕೋ ಈಚೆಗೆ ತಲೆ ಸುತ್ತು. ನೀನು ಹೋಗಿ ಬಾ" ಎಂದರು.

ಹಡಗು ಕಣ್ಮರೆಯಾಗುವವರೆಗೂ ದಡದಲ್ಲಿ ನಿಂತಿದ್ದರು. ಈ ಸಲ ಆಕೆ ಒಳ್ಳೆಯ ನೀರು ತಂದಳು. ಮಾದರಿಗಳ ನೀರನ್ನು ಯಾರೂ ರುಚಿ ನೋಡಕೂಡದೆಂದು ಗದರುತ್ತಿದ್ದ ಮೇಷ್ಟ್ರು ಅಂದು ತಾವೇ ಬೆರಳದ್ದಿ ನಾಲಗೆಗೆ ಇಟ್ಟುಕೊಂಡರು.

ಈಗ ಆ ಶಿಷ್ಯೆಯೇ ಪ್ರಯೋಗಾಲಯದ ಹೊಣೆ ಹೊತ್ತಿದ್ದಾರೆ. ಕಪಾಟಿನ ಬೀಗದ ಕೈ ಒಪ್ಪಿಸಿ, ಇನ್ನು ಹಡಗಿನ ಋಣ ತೀರಿತೆಂದು ಮೇಷ್ಟ್ರು ಬಾಗಿಲತ್ತ ತಿರುಗಿದಾಗ ಆಕೆ ಒಂದು ಖಾಲಿ ಬಾಟಲಿಯನ್ನು ಅವರ ಕೈಗಿತ್ತರು.

"ಅದೇ ನೀಲಿ ಕಡಲಿಗೆ ಹೋಗ್ತಿದ್ದೀವಿ ಸರ್. ಬಾಟಲಿ ತೊಳೆಯೋಕೆ ಒಬ್ಬರು ಬೇಕು."

"ನಂಗೆ ತಲೆ ಸುತ್ತು ಕಣಮ್ಮ..."

"ಅದು ಸುಳ್ಳು ಅಂತ ಅವತ್ತೇ ಗೊತ್ತಿತ್ತು ಸರ್."

ಹಿರಿಯರ ಆಯುಷ್ಯ ದೀರ್ಘವಾಗಲಿ, ಅಲೆ ಹಿತವಾಗಿರಲಿ. ಅವರ ನಿವೃತ್ತಿಗೆಂದು ನಾವು ತರುತ್ತಿರುವ ಈ ಅಭಿನಂದನಾ ಸಂಪುಟ ಅಚ್ಚಾಗಿ ಬರುವ ಹೊತ್ತಿಗೆ ಅವರು ಊರಿನಲ್ಲಿ ಇರುವುದಿಲ್ಲ. ಪ್ರತಿಯನ್ನು ಹಡಗಿಗೇ ಕಳುಹಿಸಬೇಕಾಗಿ ವಿನಂತಿ.