ಮೈಲಾರನ ನಾಯಿಗೆ ಸಕ್ಕರೆ ಕಾಯಿಲೆ

ತೆಲಂಗಾಣ ರಾಜ್ಯ ಬಂದ ವರ್ಷವೇ ನನಗೆ ಸಕ್ಕರೆ ಕಾಯಿಲೆಯೂ ಬಂತು. ರಾಜ್ಯ ಬಂದ ಖುಷಿಗೆ ನಾರಾಯಣಪೇಟೆ ಬಸ್ ಡಿಪೋದಲ್ಲಿ ಲಾಡು ಹಂಚಿದಾಗ ನನ್ನ ಪಾಲನ್ನೂ ತಿಂದೆ, ಆ ದಿನ ರಜೆ ಹಾಕಿದವರ ಪಾಲನ್ನೂ ತಿಂದೆ. ಆಮೇಲೊಂದು ದಿನ ಗದ್ವಾಲ್ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದವನಿಗೆ ಕಣ್ಣು ಕತ್ತಲೆ ಬಂತು. ಮಕ್ತಲ್‌ನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಏನ್ ಕಂಡಕ್ಟರ್ ಸಾಬ್, ಇದು ರಕ್ತಾನೋ ಪಾಕಾನೋ?" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು.

ಬೇರೆ ಕಂಡಕ್ಟರನಾಗಿದ್ದರೆ ಚಹಾಕ್ಕೆ ಸಕ್ಕರೆ ಬಿಟ್ಟು ಸುಮ್ಮನಾಗಬಹುದಿತ್ತು. ನನ್ನ ಕಷ್ಟ ಬೇರೆ. ನಾನು ಬರೀ ಕಂಡಕ್ಟರ್ ಸಿದ್ದಪ್ಪನಲ್ಲ, ಮೈಲಾರಲಿಂಗನ ವಗ್ಗಯ್ಯ ಸಿದ್ದಪ್ಪ. ವಗ್ಗಯ್ಯ ಅಂದರೆ ದೇವರ ನಾಯಿ. ನಮ್ಮ ಕುರುಬರ ಮನೆಗಳಲ್ಲಿ ಹರಕೆ ಹೊತ್ತವರು ಭಾನುವಾರ ವಗ್ಗಯ್ಯನನ್ನು ಕರೆಸುತ್ತಾರೆ. ದೋಣಿ ಎಂಬ ಬಟ್ಟಲಿನಲ್ಲಿ ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪ ಕಲಸಿ ನೆಲಕ್ಕಿಡುತ್ತಾರೆ. ಕರಿ ಕಂಬಳಿಯ ಅಂಗಿ ತೊಟ್ಟ ವಗ್ಗಯ್ಯ ಮಂಡಿಯೂರಿ, ಬೊಗಳಿ, ಕೈ ಮುಟ್ಟಿಸದೆ ಬಾಯಿಂದಲೇ ತಿನ್ನಬೇಕು. ಮೊದಲು ನಮ್ಮಪ್ಪ ಬೊಗಳುತ್ತಿದ್ದ, ಅವನು ಹೋದ ಮೇಲೆ ನಾನು. ಸಿದ್ದಪ್ಪ ಬೊಗಳಿದರೆ ನಿಜವಾದ ನಾಯಿಗಳೇ ಬಾಲ ಮುದುರುತ್ತವೆ ಎಂದು ಜನ ಹೇಳುತ್ತಿದ್ದರು. ಜನ ಏನು, ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಅಂಥ ನಾಯಿ ಭಕ್ತರ ಮುಂದೆ ಮಂಡಿಯೂರಿ, "ಬೆಲ್ಲ ಬ್ಯಾಡ್ರೀ, ನನಗ ಶುಗರ್ ಐತಿ" ಎಂದರೆ ಮರ್ಯಾದೆ ಉಳಿಯುತ್ತದೆಯೇ? ಹಾಗಂತ ಬೆಲ್ಲ ತಿಂದರೆ ಪ್ರಾಣ ಉಳಿಯುವುದಿಲ್ಲ. ಕೆಲವು ವರ್ಷ ಈ ಇಕ್ಕಟ್ಟಿನಲ್ಲೇ ಕಳೆದೆ. ಭಾನುವಾರ ತಿನ್ನುವುದು, ಸೋಮವಾರ ಡಾಕ್ಟರ ಬೈಗುಳ.

ನಾನು ನಿವೃತ್ತನಾದ ಮೇಲೆ ಮಗಳು ರಜಿತಾ ದಾರಿ ತೋರಿಸಿದಳು. ಅವಳು ಹೈದರಾಬಾದಿನ ಒಂದು ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ. ಹಬ್ಬಕ್ಕೆ ಬಂದವಳು ಒಂದು ಡಬ್ಬಿ ತಂದಳು. ಒಳಗೆ ಸಕ್ಕರೆಯಂಥದೇ ಬಿಳಿ ಪುಡಿ, ಸಕ್ಕರೆಯಷ್ಟೇ ಸಿಹಿ.

"ಇದು ಕ್ಸೈಲಿಟಾಲ್ ಅಂತಪ್ಪಾ. ಶುಗರ್ ಇದ್ದೋರು ತಿನ್ನಬಹುದು. ಆದ್ರ ಭಾಳ ತಿನ್ನಬ್ಯಾಡ, ಹೊಟ್ಟಿ ಕೆಡತೈತಿ," ಎಂದಳು.

ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ಯಾರು ಓದುತ್ತಾರೆ? ಅಂಗಡಿ ಡಬ್ಬಿ ಕಂಡರೆ ಭಕ್ತರಿಗೆ ಅನುಮಾನ ಬರುತ್ತದೆಂದು ಪುಡಿಯನ್ನು ಹಿತ್ತಾಳೆಯ ಭರಣಿಗೆ ಸುರಿದು ಡಬ್ಬಿಯನ್ನು ತಿಪ್ಪೆಗೆ ಎಸೆದೆ. ಆಮೇಲೆ ಊರೂರಿಗೆ ಸಾರಿದೆ: ಮೈಲಾರಲಿಂಗ ಕನಸಿನಲ್ಲಿ ಬಂದಿದ್ದ, ಇನ್ನು ಮೇಲೆ ದೋಣಿಗೆ ಬೆಲ್ಲ ಬೇಡ, ವಗ್ಗಯ್ಯ ತರುವ ದೇವರ ಸಕ್ಕರೆಯೇ ಆಗಬೇಕು. ಜನ ಭರಣಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮಗಳು ಮತ್ತೆ ತರುವುದು ಯಾವಾಗಲೋ ಎಂದು ನಾನು ಯಾರಿಗೂ ಚಿಟಿಕೆಯಷ್ಟೂ ಕೊಡದೆ ದೋಣಿಯ ತಳದವರೆಗೆ ನೆಕ್ಕುತ್ತಿದ್ದೆ. ಅದನ್ನೂ ಜನ ಭಕ್ತಿ ಎಂದರು.

ಹೀಗೆ ಮೀಸೆ ತಿರುವಿಕೊಂಡು ತಿರುಗುವಾಗ ನನ್ನಕ್ಕ ಮೈಲಮ್ಮನಿಂದ ಕರೆ ಬಂತು. ಅಕ್ಕನನ್ನು ಕೊಟ್ಟಿದ್ದು ದಾಮರಗಿದ್ದದ ಪಕ್ಕದ ಹಳ್ಳಿಗೆ. ಅವಳ ಗಂಡ, ನಮ್ಮ ಮಾವ, ತೀರಿಕೊಂಡ ಮೇಲೂ ಅವಳು ಕುರಿ ಬಿಟ್ಟಿರಲಿಲ್ಲ. ಅವನು ಬಿಟ್ಟುಹೋದ ಕುರಿಗಳ ಜೊತೆಗೆ ಹೊಸ ಸರ್ಕಾರ ಕೊಟ್ಟ ಕುರಿಗಳೂ ಸೇರಿ ಹಟ್ಟಿ ತುಂಬಿತ್ತು. ಅಷ್ಟನ್ನೂ ಕಾಯುತ್ತಿದ್ದುದು ಸರದಾರ ಎಂಬ ನಾಯಿ. ಆ ಕಡೆಯ ಗುಡ್ಡಗಳಲ್ಲಿ ತೋಳಗಳಿವೆ. ಸರದಾರ ಬಂದ ಮೇಲೆ ಅಕ್ಕ ಒಂದು ಮರಿಯನ್ನೂ ಕಳೆದುಕೊಂಡಿರಲಿಲ್ಲ.

"ಇದು ಐತಿ ಅಂತ ನನ್ನ ಹಟ್ಟಿ ಐತಿ, ಸಿದ್ಯಾ. ಇದು ಇಲ್ಲಂದ್ರ ಮರುದಿನಾನ ಕುರಿ ಮಾರಬೇಕು," ಎಂದು ಅವಳು ಯಾವಾಗಲೂ ಹೇಳುತ್ತಿದ್ದಳು.

ಆ ಭಾನುವಾರ ಹೊತ್ತೇರುವ ಮುಂಚೆ ಹಟ್ಟಿಯ ಮುಂದೆ ಸಗಣಿ ಸಾರಿಸಿ ದೋಣಿ ಇಟ್ಟೆವು. ಅಕ್ಕನ ಮನೆಯಲ್ಲವೇ, ಧಾರಾಳ ಬಂತು. ಭರಣಿಯಿಂದ ಹಿಡಿ ಹಿಡಿ ಸುರಿದೆ. ಭಂಡಾರದ ಅರಿಸಿನ ಹಚ್ಚಿಕೊಂಡು, "ಏಳ್ ಕೋಟಿಗೋ" ಎಂದು ಕೂಗಿ, ಬೊಗಳಿ, ಮುಖ ಇಳಿಸಿದೆ. ಅರ್ಧ ತಿನ್ನುವಷ್ಟರಲ್ಲಿ ಅಕ್ಕ ದೋಣಿಯನ್ನು ಎಳೆದುಕೊಂಡಳು. ಮಾವನ ಕಾಲದಿಂದ ಅವರ ಮನೆಯಲ್ಲಿ ಒಂದು ಪದ್ಧತಿ: ದೇವರ ನಾಯಿ ತಿಂದು ಬಿಟ್ಟಿದ್ದು ಹಟ್ಟಿಯ ನಾಯಿಗೆ. ಸರದಾರ ಬಾಲ ಆಡಿಸುತ್ತಾ ಬಂದು ನನಗಿಂತ ಶಿಸ್ತಾಗಿ ತಿಂದ. ನನ್ನ ಹೊಟ್ಟೆ ಆಗಲೇ ಗುಡುಗುಡು ಎನ್ನುತ್ತಿತ್ತು. ಮಗಳ ಮಾತು ನೆನಪಾಗಿ ಬೇಲಿಯಾಚೆ ಓಡಿದೆ.

ಹಿಂತಿರುಗಿ ಬಂದು ಚಹಾ ಕುಡಿಯುತ್ತಿದ್ದಾಗ ಸರದಾರ ವಾಂತಿ ಮಾಡಿದ. ಎದ್ದು ನಿಂತು ಕಳ್ಳು ಕುಡಿದವರ ಹಾಗೆ ತೂರಾಡಿದ. ಕಾಲು ನಡುಗಿ, ಹಿಂಬದಿ ಕುಸಿದು, ಪಕ್ಕಕ್ಕೆ ಉರುಳಿದ.

"ಅಯ್ಯಯ್ಯೋ, ಸಿದ್ಯಾ! ಏನಾತೋ ಇದಕ್ಕ?" ಎಂದು ಅಕ್ಕ ಓಡಿಬಂದಳು.

ಆಗ ನಾನು ಏನು ಹೇಳಿದೆ ಗೊತ್ತೇ? "ಅಂಜಬ್ಯಾಡಕ್ಕಾ, ದೇವರು ಮೈಮ್ಯಾಲ ಬಂದಾನ" ಎಂದೆ! ನಾಯಿಯ ಭಾಷೆ ಬಲ್ಲವನು ನಾನೊಬ್ಬನೇ ಎಂಬ ಗತ್ತಿನಲ್ಲಿ ಅದರ ಹಣೆಗೆ ಭಂಡಾರ ಹಚ್ಚಿ, ಮಂಡಿಯೂರಿ, ಅದರ ಮುಖಕ್ಕೆ ಮುಖ ಕೊಟ್ಟು ಬೊಗಳಿದೆ. ಸರದಾರ ಅರ್ಧ ಕಣ್ಣು ತೆರೆದು ನನ್ನನ್ನು ನೋಡಿದ. ನಾನು ಇನ್ನೊಮ್ಮೆ ಬೊಗಳಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಆ ನಡುಕ ನನಗೆ ಗೊತ್ತಿದ್ದ ನಡುಕವೇ. ಒಮ್ಮೆ ಖಾಲಿ ಹೊಟ್ಟೆಯಲ್ಲಿ ಶುಗರ್ ಗುಳಿಗೆ ನುಂಗಿ ನಾನೂ ಹಾಗೇ ನಡುಗಿ ಕುಸಿದಿದ್ದೆ. ರಕ್ತದಲ್ಲಿ ಸಕ್ಕರೆ ಇಳಿದರೆ ಹಾಗಾಗುತ್ತದೆ. ಆದರೆ ಸಿಹಿ ತಿಂದ ನಾಯಿಗೆ ಸಕ್ಕರೆ ಏರಬೇಕೇ ಹೊರತು ಇಳಿಯುವುದು ಹೇಗೆ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡು ಬಾಯಿ ಮುಚ್ಚಿಕೊಂಡೆ. ನಿಜ ಹೇಳಬೇಕೆಂದರೆ ಕನಸಿನ ಸುಳ್ಳು ಬಯಲಾಗುತ್ತದೆಂಬ ಭಯ.

ಅಷ್ಟರಲ್ಲಿ ಅಕ್ಕ ಪಕ್ಕದ ಮನೆಯತ್ತ ನುಗ್ಗಿದ್ದಳು. ಅದು ಬುಚ್ಚಮ್ಮನ ಮನೆ. ಹಿಂದಿನ ವಾರವಷ್ಟೇ ಅಕ್ಕನ ಕುರಿಗಳು ಅವಳ ಹತ್ತಿ ಹೊಲಕ್ಕೆ ನುಗ್ಗಿ ಜಗಳವಾಗಿತ್ತು.

"ನೀನ ವಿಷ ಹಾಕೀದಿ! ನಿನ್ನ ಮನಿ ಹಾಳಾಗ!" ಎಂದು ಅಕ್ಕ ಮಣ್ಣು ತೂರಿದಳು.

ಬುಚ್ಚಮ್ಮ ಬೆಚ್ಚಿಬಿದ್ದು, ಅಂಗಳದಲ್ಲಿ ಆಡುತ್ತಿದ್ದ ಮಗಳ ತಲೆ ಮುಟ್ಟಿ, "ನಾ ಬಿಡ್ಡ ಮೀದ ಒಟ್ಟು, ಅಕ್ಕಾ!" ಎಂದು ತೆಲುಗಿನಲ್ಲಿ ಆಣೆ ಇಟ್ಟಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಗಂಡನನ್ನು ಕೂಗಿ, ಆಟೋ ತೆಗೆ, ಮೊದಲು ನಾಯಿಯನ್ನು ಕರೆದೊಯ್ಯಿ ಎಂದವಳೂ ಅವಳೇ. ನಾನು ಕಂಬಳಿ ಸರಿ ಮಾಡಿಕೊಳ್ಳುತ್ತಾ ನಿಂತಿದ್ದೆ.

ನಾರಾಯಣಪೇಟೆಯ ಪಶು ದವಾಖಾನೆಯ ರೇಷ್ಮಾ ಡಾಕ್ಟರು ಸರದಾರನ ಕಣ್ಣು, ಬಾಯಿ ನೋಡಿ, "ಏನ್ ತಿಂದಿತ್ರೀ?" ಎಂದು ಕೇಳಿದರು.

"ವಿಷ ಹಾಕ್ಯಾರ್ರೀ ಅಮ್ಮಾ," ಎಂದಳು ಅಕ್ಕ.

"ಪ್ರಸಾದ ತಿಂದಿತ್ರೀ," ಎಂದೆ ನಾನು.

"ಪ್ರಸಾದದಾಗ ಏನಿತ್ತು?"

"ಹಾಲು, ಬಾಳಿಹಣ್ಣು, ತುಪ್ಪ." ಮೂರು ಬೆರಳು ಮಡಚಿ ಕೈ ಇಳಿಸಿದೆ.

"ಹೊಲಕ್ಕ ಹೊಡಿಯೋ ಔಷಧ ತಿಂದಂಗ ಕಾಣಸಂಗಿಲ್ಲ. ಮತ್ತೇನರ ಇತ್ತೇನು? ನೆನಪು ಮಾಡ್ಕೋರಿ, ಹೊತ್ತಿಲ್ಲ," ಎಂದರು ಡಾಕ್ಟರು.

ಸರದಾರನ ಕಾಲುಗಳು ಸೆಟೆದುಕೊಂಡವು. ಅಕ್ಕ ಅದರ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, "ಸರದಾರಾ, ನಾ ಇಲ್ಲೇ ಅದೀನಪ್ಪಾ, ನನ್ನ ಬಿಟ್ಟು ಹೋಗಬ್ಯಾಡೋ" ಎಂದು ಅಳತೊಡಗಿದಳು. ನನಗಿನ್ನು ತಡೆಯಲಾಗಲಿಲ್ಲ.

"ಸಕ್ಕರಿ ಹಾಕಿದ್ದೆರೀ. ಸಕ್ಕರಿ ಅಲ್ಲದ ಸಕ್ಕರಿ. ಕ್ಸೈಲಿಟಾಲ್ ಅಂತ," ಎಂದುಬಿಟ್ಟೆ.

ಡಾಕ್ಟರು ಹಣೆ ಚಚ್ಚಿಕೊಂಡು, ಹನಿ ರಕ್ತ ತೆಗೆದು ಯಂತ್ರದಲ್ಲಿ ನೋಡಿ, ಕೂಡಲೇ ಗ್ಲೂಕೋಸ್ ಏರಿಸಿದರು. ಕೈ ಕೆಲಸ ಮಾಡುತ್ತಿದ್ದಂತೆ ವಿವರಿಸಿದರು. ನಮಗೆ ಏನೂ ಮಾಡದ ಆ ಪುಡಿ ನಾಯಿಗೆ ವಿಷವಂತೆ. ನಾಯಿಯ ಮೈ ಅದನ್ನು ನಿಜವಾದ ಸಕ್ಕರೆ ಎಂದೇ ನಂಬಿ, ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್ನನ್ನು ಒಮ್ಮೆಲೇ ಸುರಿಸುತ್ತದಂತೆ. ಇದ್ದ ಸಕ್ಕರೆಯೆಲ್ಲ ಖಾಲಿಯಾಗಿ ನಾಯಿ ಬೀಳುತ್ತದೆ. ಜಾಸ್ತಿ ತಿಂದಿದ್ದರೆ ಲಿವರ್ ಕೂಡ ಕೆಡುತ್ತದೆ, ಅದು ತಡವಾಗಿ ಗೊತ್ತಾಗುತ್ತದೆ. "ಡಬ್ಬಿ ಮ್ಯಾಲ ಒಮ್ಮೊಮ್ಮೆ ಬರದಿರತಾರ್ರೀ, ನಾಯಿಗೆ ಕೊಡಬ್ಯಾಡ್ರಿ ಅಂತ," ಎಂದರು.

ಅಕ್ಕ ನನ್ನತ್ತ ತಿರುಗಿದಳು. "ದೇವರು ಕನಸಿನಾಗ ಹೇಳ್ಯಾನ ಅಂದಿದ್ದೆಲ್ಲೋ?"

"ಇಲ್ಲಕ್ಕಾ. ರಜಿತಾ ತಂದುಕೊಟ್ಟಿದ್ದು. ನನಗ ಬೆಲ್ಲ ತಿನ್ನಾಕ ಬರಂಗಿಲ್ಲ, ಅದಕ್ಕ."

ಸಂಜೆಗೆ ಸರದಾರ ತಲೆಯೆತ್ತಿದ, ಬಾಲದ ತುದಿ ಆಡಿಸಿದ. ಅಷ್ಟೇ ಸಾಕಾಯಿತು ನನಗೆ! ನಾನು ಬಾಯಿ ಬಿಟ್ಟಿದ್ದಕ್ಕೇ ನಾಯಿ ಉಳಿಯಿತೆಂದು ಬುಚ್ಚಮ್ಮನ ಗಂಡನ ಮುಂದೆ ಆಟೋದಲ್ಲಿ ಕೊಚ್ಚಿಕೊಂಡೆ. ಆ ಪುಣ್ಯಾತ್ಮ ಹಾರ್ನ್ ಒತ್ತುತ್ತಾ ಗಾಡಿ ಓಡಿಸಿದ.

ಮರುದಿನವೂ ಗ್ಲೂಕೋಸ್ ಹಾಕಿಸಿದೆವು. ಅದರ ಮರುದಿನ ಸರದಾರನ ಕಣ್ಣು ಹಳದಿಯಾಯಿತು, ವಾಂತಿಯಲ್ಲಿ ರಕ್ತ ಬಂತು. ಮಧ್ಯಾಹ್ನ ಅಕ್ಕನ ತೊಡೆಯ ಮೇಲೆಯೇ ಉಸಿರು ನಿಂತಿತು. ಮೊದಲೇ ಹೇಳಿದ್ದರೂ ಉಳಿಯುತ್ತಿತ್ತೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು, ನನಗೆ ಅದರಿಂದ ಸಮಾಧಾನವಾಗಲಿಲ್ಲ. ಹಟ್ಟಿಯ ಪಕ್ಕ ಗುಂಡಿ ತೋಡುವಾಗ ಮಕ್ಕಳ ಹಾಗೆ ಅತ್ತೆ.

ಅಕ್ಕ ಮೊದಲು ಬುಚ್ಚಮ್ಮನ ಮನೆಗೆ ಹೋಗಿ ಕೈಮುಗಿದು ಬಂದಳು. ಆಮೇಲೆ ನನ್ನ ಮುಂದೆ ನಿಂತಳು. ಹೊರಗೆ ಹಾಕುತ್ತಾಳೆ ಎಂದುಕೊಂಡು ಚೀಲ ಕೈಗೆತ್ತಿಕೊಂಡೆ.

"ಎಲ್ಲಿಗೆ ಹೊಂಟಿ? ನಾ ಕುರಿ ಮಾರಾಂಗಿಲ್ಲ. ಇಷ್ಟು ವರ್ಷ ನಾಯಿ ಅಂತ ಹೇಳಿ ಮಂದಿ ಮನ್ಯಾಗ ಉಂಡೀದಿ. ಕಂಬಳಿ ಹಾಸ್ಕೊ, ಹಟ್ಟಿ ಕಾಯಿ," ಎಂದಳು.

ಅಂದಿನಿಂದ ಕಾಯುತ್ತಿದ್ದೇನೆ. ದೋಣಿ ಬಿಟ್ಟಿದ್ದೇನೆ, ಕರೆಯಲು ಬಂದವರಿಗೆ ಶುಗರ್ ಇದೆ ಎಂದು ನೇರವಾಗಿ ಹೇಳುತ್ತೇನೆ. ಆಕಾಶವೇನೂ ಕಳಚಿ ಬೀಳಲಿಲ್ಲ, "ಹೌದೇನ್ರೀ, ಜ್ವಾಪಾನ" ಎಂದು ಹೋಗುತ್ತಾರೆ. ಗುಡ್ಡದ ಕಡೆ ಏನಾದರೂ ಸದ್ದಾದರೆ ಎದ್ದು ಬೊಗಳುತ್ತೇನೆ. ತೋಳ ಹೆದರುತ್ತದೋ ನಗುತ್ತದೋ ಗೊತ್ತಿಲ್ಲ, ಕುರಿಗಳಂತೂ ತಲೆಯೆತ್ತಿಯೂ ನೋಡುವುದಿಲ್ಲ.

ಹೋದ ತಿಂಗಳು ಅಕ್ಕ ಮಕ್ತಲ್ ಕಡೆಯಿಂದ ಒಂದು ಗಂಡು ನಾಯಿಮರಿ ತಂದಿದ್ದಾಳೆ. ನನ್ನನ್ನು ಕಂಡರೆ ಅದಕ್ಕೆ ಎಲ್ಲಿಲ್ಲದ ಪ್ರೀತಿ, ಕುಂಯ್ಗುಟ್ಟುತ್ತಾ ಓಡಿಬರುತ್ತದೆ. ಅದು ನನ್ನ ಕಾಲು ಮುಟ್ಟುವ ಮೊದಲೇ ಅಕ್ಕ ಎತ್ತಿಕೊಂಡು ಸೆರಗಿನಲ್ಲಿ ಮುಚ್ಚುತ್ತಾಳೆ.

"ಸಿದ್ಯಾ, ಮೊದಲ ಕೈ ತೋರಿಸು," ಎನ್ನುತ್ತಾಳೆ.

ನಾನು ಎರಡೂ ಕೈ ಬಿಚ್ಚಿ ತೋರಿಸುತ್ತೇನೆ.